ಮೊದಲ ಬಾರಿಗೆ ಮನೆಯಲ್ಲಿ 12 ಜನರಿಗೆ ರಾತ್ರಿಯೂಟ: ಏನು ಮಾಡಲಿ, ಎಷ್ಟು ಮಾಡಲಿ?

ಪ್ರಶ್ನೆ: ವಿನೋಬನಗರದ ಹೊಸ ಸಂಸಾರ

ನಾವಿಬ್ಬರೂ ಕೆಲಸಕ್ಕೆ ಹೋಗುವವರು. ದಾವಣಗೆರೆಯ ವಿನೋಬನಗರದಲ್ಲಿ ಬಾಡಿಗೆ ಮನೆ ಹಿಡಿದು ಕೆಲವು ತಿಂಗಳಾಗಿವೆ. ಬರುವ ಭಾನುವಾರ ರಾತ್ರಿ ನನ್ನ ಸಹೋದ್ಯೋಗಿಗಳನ್ನೂ, ಮೇಲಿನ ಮಹಡಿಯಲ್ಲಿರುವ ಮನೆಯ ಮಾಲೀಕ ದಂಪತಿಯನ್ನೂ ಊಟಕ್ಕೆ ಕರೆದಿದ್ದೇವೆ. ನಮ್ಮನ್ನೂ ಸೇರಿಸಿದರೆ 12 ಜನರಾಗುತ್ತಾರೆ. ಇಬ್ಬರಿಗೆ ಅಡುಗೆ ಮಾಡಿ ಅಭ್ಯಾಸವಿರುವ ನನ್ನ ಬಳಿ ಇರುವುದು ಎರಡು ಒಲೆಯ ಗ್ಯಾಸ್, 5 ಲೀಟರಿನ ಒಂದು ಕುಕ್ಕರ್ ಮತ್ತು ಒಂದು ಮಿಕ್ಸಿ ಮಾತ್ರ. ಊಟದ ಮೇಜೂ ಇಲ್ಲ.

ಮನೆಯ ಮಾಲೀಕರು ಸಸ್ಯಾಹಾರಿಗಳು, ಅವರಲ್ಲಿ ಹಿರಿಯರಿಗೆ ಸಕ್ಕರೆ ಕಾಯಿಲೆಯಿದೆ. ಸಹೋದ್ಯೋಗಿಗಳಲ್ಲಿ ಒಬ್ಬರು ಈರುಳ್ಳಿ, ಬೆಳ್ಳುಳ್ಳಿ ತಿನ್ನುವುದಿಲ್ಲ. ಇನ್ನು ಕೆಲವರಿಗೆ ಮಾಂಸದೂಟವೆಂದರೆ ಪ್ರೀತಿ. ಬೆಂಗಳೂರಿನಿಂದ ಬರುತ್ತಿರುವ ಗೆಳತಿಯೊಬ್ಬಳು, ದಾವಣಗೆರೆಯಲ್ಲಿದ್ದುಕೊಂಡು ಬೆಣ್ಣೆ ದೋಸೆ ಹಾಕದಿದ್ದರೆ ಹೇಗೆ ಎಂದು ಕೇಳುತ್ತಿದ್ದಾಳೆ. ನನಗೆ ರೊಟ್ಟಿ ಬಡಿಯಲು ಬರುವುದಿಲ್ಲ. ಹೊರಗಿನಿಂದ ತರಿಸಿದರೆ ಅತಿಥಿಗಳು ತಪ್ಪು ತಿಳಿದಾರೇ? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ: ಚೌಕಿಪೇಟೆ ಅತ್ತೆ

ತಂಗಿ, ಮೊದಲು ಬೆಣ್ಣೆ ದೋಸೆಯ ಆಸೆಯನ್ನು ಬಿಡಿ. ದೋಸೆ ಕಾವಲಿಯಿಂದ ನೇರವಾಗಿ ತಟ್ಟೆಗೆ ಬರಬೇಕಾದ ತಿಂಡಿ. ಮನೆಯ ಕಾವಲಿಯ ಮೇಲೆ ಒಂದೊಂದೇ ಹಾಕುತ್ತ ಹೋದರೆ, ಹನ್ನೆರಡನೆಯವರಿಗೆ ಮೊದಲನೆಯ ದೋಸೆ ಸಿಗುವ ಹೊತ್ತಿಗೆ ಮೊದಲು ತಿಂದವರು ಕೈ ತೊಳೆದು ಕುಳಿತಿರುತ್ತಾರೆ, ನೀವು ಮಾತ್ರ ರಾತ್ರಿಯಿಡೀ ಒಲೆಯ ಮುಂದೆಯೇ ಇರುತ್ತೀರಿ. ಗೆಳತಿಯನ್ನು ಮರುದಿನ ಬೆಳಿಗ್ಗೆ ಹೋಟೆಲಿಗೆ ಕರೆದುಕೊಂಡು ಹೋಗಿ. ಅವಳ ಆಸೆಯೂ ತೀರುತ್ತದೆ, ದೋಸೆಯೂ ಚೆನ್ನಾಗಿರುತ್ತದೆ.

ಅತಿಥಿಗಳು ಬಂದ ಮೇಲೆ ಒಲೆ ಹಚ್ಚುವ ಕೆಲಸ ಒಂದೋ ಎರಡೋ ಮಾತ್ರ ಉಳಿದಿರುವಂತೆ ಅಡುಗೆಯನ್ನು ಆರಿಸಿಕೊಳ್ಳಬೇಕು. ನನ್ನ ಸಲಹೆ ಇಷ್ಟು: ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಹೆಸರುಬೇಳೆ ಕೋಸಂಬರಿ, ಅನ್ನ, ಸಾರು, ಮೊಸರು, ಶೇಂಗಾ ಚಟ್ನಿಪುಡಿ, ಸಿಹಿಗೆ ಗೋಧಿ ಹುಗ್ಗಿ. ಎಲ್ಲವೂ ಸಸ್ಯಾಹಾರವೇ ಇರಲಿ. ಇರುವ ಎರಡು ಒಲೆಯಲ್ಲಿ ಎರಡು ಬಗೆಯ ಅಡುಗೆ, ಎರಡು ಬಗೆಯ ಪಾತ್ರೆ, ಎರಡು ಬಗೆಯ ಸೌಟುಗಳನ್ನು ನಿಭಾಯಿಸುವುದು ಕಷ್ಟ, ಮತ್ತು ಎಣ್ಣೆಗಾಯಿ ಸರಿಯಾಗಿ ಆಗಿದ್ದರೆ ಮಾಂಸವಿಲ್ಲವೆಂದು ಯಾರೂ ಕೇಳುವುದಿಲ್ಲ.

ಎಣ್ಣೆಗಾಯಿಯ ಮಸಾಲೆಗೆ ಹುರಿದ ಶೇಂಗಾ, ಗುರೆಳ್ಳು, ಒಣಕೊಬ್ಬರಿ, ಸ್ವಲ್ಪ ಹುಣಸೆ, ಬೆಲ್ಲ, ಖಾರದಪುಡಿ ಇಷ್ಟಿದ್ದರೆ ಈರುಳ್ಳಿ, ಬೆಳ್ಳುಳ್ಳಿ ಇಲ್ಲದೆಯೂ ರುಚಿ ಕೆಡುವುದಿಲ್ಲ. ಒಬ್ಬರಿಗಾಗಿ ಬೇರೆ ಪಾತ್ರೆ ಇಡುವ ಬದಲು ಎಲ್ಲರಿಗೂ ಹಾಗೆಯೇ ಮಾಡಿ. ಮಸಾಲೆಯನ್ನು ಶನಿವಾರ ರಾತ್ರಿಯೇ ಪುಡಿ ಮಾಡಿಟ್ಟುಕೊಂಡರೆ ಭಾನುವಾರ ವಿದ್ಯುತ್ ಹೋದರೂ ಚಿಂತೆಯಿಲ್ಲ. ಎಣ್ಣೆಗಾಯಿ ಮಾಡಿ ಎರಡು ಗಂಟೆ ಕಳೆದ ಮೇಲೆ, ಉಪ್ಪು, ಹುಳಿ, ಖಾರ ಕಾಯಿಯೊಳಗೆ ಇಳಿದು ಇನ್ನೂ ಚೆನ್ನಾಗಿರುತ್ತದೆ. ಆದ್ದರಿಂದ ಸಂಜೆ ಐದಕ್ಕೇ ಮುಗಿಸಿಬಿಡಿ.

ಹುಗ್ಗಿಯ ವಿಷಯವನ್ನು ಮಾತ್ರ ಗಮನವಿಟ್ಟು ಓದಿ. ಕುಟ್ಟಿದ ಗೋಧಿಯನ್ನು ಹಿಂದಿನ ರಾತ್ರಿ ನೆನೆಹಾಕಿ, ಬೆಳಿಗ್ಗೆ ಕುಕ್ಕರಿನಲ್ಲಿ ಬೇಯಿಸಿ, ಒಂದು ಕಾಳನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಸುಕಿ ನೋಡಬೇಕು. ಅದು ನಡುವೆ ಬಿಳಿಯ ಗಟ್ಟಿ ಚುಕ್ಕೆ ಉಳಿಯದೆ ಪೂರ್ತಿ ಮೆತ್ತಗಾದ ಮೇಲೆಯೇ ಬೆಲ್ಲ ಹಾಕಬೇಕು. ಬೆಲ್ಲ ಬಿದ್ದ ಮೇಲೆ ಗೋಧಿ ಸರಿಯಾಗಿ ಬೇಯುವುದಿಲ್ಲ, ಎಷ್ಟು ಹೊತ್ತು ಕುದಿಸಿದರೂ ಹಲ್ಲಿಗೆ ಸಿಗುತ್ತಲೇ ಇರುತ್ತದೆ. ಹಾಲನ್ನು ಹುಗ್ಗಿಯೊಂದಿಗೆ ಕುದಿಸಲು ಹೋಗಬೇಡಿ, ಕೆಲವು ಬೆಲ್ಲಕ್ಕೆ ಬಿಸಿ ಹಾಲು ಒಡೆಯುತ್ತದೆ. ಬಡಿಸುವಾಗ ಮೇಲೆ ತುಪ್ಪವನ್ನೂ, ಬೇಕೆಂದವರಿಗೆ ಕಾಯಿಸಿದ ಹಾಲನ್ನೂ ಹಾಕಿದರೆ ಸಾಕು. ಮೇಲ್ಮನೆಯ ಹಿರಿಯರಿಗೆ ಅನ್ನ ಕಡಿಮೆ ಮಾಡಿ ರೊಟ್ಟಿ ಹೆಚ್ಚು ಬಡಿಸಿ. ಹುಗ್ಗಿಯನ್ನು ಸಣ್ಣ ಬಟ್ಟಲಲ್ಲಿ ಬೇರೆಯಾಗಿ ಇಡಿ, ಎಷ್ಟು ತಿನ್ನಬೇಕೆಂಬುದು ಅವರಿಗೆ ಗೊತ್ತಿರುತ್ತದೆ, ಬಲವಂತ ಮಾಡಬೇಡಿ.

ಉತ್ತರ: ಅಡುಗೆ ಗುತ್ತಿಗೆಯವನು

ಮೇಲಿನ ಪಟ್ಟಿಗೆ ನನ್ನ ಒಪ್ಪಿಗೆಯಿದೆ. ಅಳತೆಯ ಲೆಕ್ಕವನ್ನು ನಾನು ಹೇಳುತ್ತೇನೆ. ರೊಟ್ಟಿಯೂ ಇರುವುದರಿಂದ 12 ಜನರಿಗೆ 1 ಕೆಜಿ ಸೋನಾ ಮಸೂರಿ ಸಾಕು. ತೊಗರಿಬೇಳೆ 300 ಗ್ರಾಂ, ಎಳೆಯ ಸಣ್ಣ ಬದನೆಕಾಯಿ ಒಂದೂಕಾಲು ಕೆಜಿ, ಶೇಂಗಾ 200 ಗ್ರಾಂ, ಕೋಸಂಬರಿಗೆ ಹೆಸರುಬೇಳೆ 200 ಗ್ರಾಂ, ಮೊಸರು ಒಂದೂವರೆ ಲೀಟರ್, ಹುಗ್ಗಿಗೆ ಗೋಧಿ ಅರ್ಧ ಕೆಜಿ ಮತ್ತು ಅಷ್ಟೇ ಬೆಲ್ಲ. ರೊಟ್ಟಿ ತಲೆಗೆ ಎರಡರಂತೆ 24. ಶೇಂಗಾ ಕೊಳ್ಳುವಾಗ ಚಳ್ಳಕೆರೆ ಕಡೆಯದು ಸಿಕ್ಕರೆ ಬಿಡಬೇಡಿ. ನಾನು ಚಿತ್ರದುರ್ಗ ಜಿಲ್ಲೆಯವನು, ಆದ್ದರಿಂದ ಈ ಮಾತಿನಲ್ಲಿ ಸ್ವಲ್ಪ ಊರಿನ ಅಭಿಮಾನವೂ ಇರಬಹುದು.

ಹೊಸಬರು ಎಡವುವುದು ಕುಕ್ಕರಿನಲ್ಲಿ. ಅಕ್ಕಿ, ಬೇಳೆ ಬೇಯುವಾಗ ಉಬ್ಬುವುದರಿಂದ ನೀರೂ ಸೇರಿ ಕುಕ್ಕರಿನ ಅರ್ಧದಷ್ಟು ಮಾತ್ರ ತುಂಬಬೇಕು. ಒಂದು ಕೆಜಿ ಅಕ್ಕಿಯನ್ನು 5 ಲೀಟರಿನ ಕುಕ್ಕರಿಗೆ ಒಮ್ಮೆಗೇ ಹಾಕಿದರೆ ಗಂಜಿ ಉಕ್ಕಿ ಸೀಟಿಯ ಕೊಳವೆ ಕಟ್ಟಿಕೊಳ್ಳುತ್ತದೆ, ಅದು ಅಪಾಯ. ಎರಡು ಸಲ ಮಾಡಿ: ಮೊದಲನೆಯದನ್ನು ಏಳೂಕಾಲಿಗೆ ಇಳಿಸಿ ಹಾಟ್‌ಬಾಕ್ಸಿಗೆ ತುಂಬಿಡಿ, ಎರಡನೆಯದು ಊಟಕ್ಕೆ ಕುಳಿತಾಗ ಬಿಸಿಯಾಗಿ ಸಿಗಲಿ. ಇಬ್ಬರ ಅಳತೆಯನ್ನು ಆರು ಪಟ್ಟು ಮಾಡುವಾಗ ಉಪ್ಪು, ಖಾರ, ಹುಣಸೆಯನ್ನು ನಾಲ್ಕು ಪಟ್ಟಿಗೇ ನಿಲ್ಲಿಸಿ ರುಚಿ ನೋಡಿ, ಬೇಕಾದರೆ ಆಮೇಲೆ ಸೇರಿಸಿ.

ದೊಡ್ಡ ಪಾತ್ರೆ, ಬೋಗುಣಿ, ಸ್ಟೀಲ್ ತಟ್ಟೆಗಳನ್ನು ಕೊಳ್ಳಬೇಡಿ. ಶಾಮಿಯಾನದ ಅಂಗಡಿಗಳಲ್ಲಿ ಎಣಿಸಿ ಬಾಡಿಗೆಗೆ ಕೊಡುತ್ತಾರೆ. ಗ್ಯಾಸ್ ಸಿಲಿಂಡರ್ ಎಷ್ಟಿದೆ ಎಂಬುದನ್ನು ಶುಕ್ರವಾರವೇ ನೋಡಿಕೊಳ್ಳಿ, ನೀರನ್ನೂ ಶನಿವಾರವೇ ತುಂಬಿಟ್ಟುಕೊಳ್ಳಿ.

ಉತ್ತರ: ಮಂಡಕ್ಕಿ ಮಿರ್ಚಿ ಪಕ್ಷದವನು

ಇಷ್ಟೊಂದು ಅಡುಗೆ ಸರಳ ಊಟವೆಂದು ನನಗೆ ಅನಿಸುವುದಿಲ್ಲ. ಮೊದಲ ಸಲಕ್ಕೆ ಖಾರ ಮಂಡಕ್ಕಿ, ಮಿರ್ಚಿ, ಆಮೇಲೆ ಚಿತ್ರಾನ್ನ, ಮೊಸರನ್ನ, ಒಂದು ಸಿಹಿ ಇದ್ದರೆ ಸಾಲದೇ? ಈ ಊರಿನಲ್ಲಿ ಮಂಡಕ್ಕಿ ಕೊಟ್ಟರೆ ಮುಖ ತಿರುಗಿಸುವವರಿಲ್ಲ. ಮಂಡಕ್ಕಿಗೆ ಬೇಕಾದ ಒಗ್ಗರಣೆ, ಪುಟಾಣಿ ಹಿಟ್ಟು, ಹೆಚ್ಚಿದ ಕೊತ್ತಂಬರಿ ಎಲ್ಲವನ್ನೂ ಬೇರೆ ಬೇರೆ ಇಟ್ಟುಕೊಂಡು, ಜನ ಕುಳಿತ ಮೇಲೆಯೇ ಕಲಸಬೇಕು. ಹತ್ತು ನಿಮಿಷ ಮೊದಲು ಕಲಸಿದರೂ ಮೆತ್ತಗಾಗುತ್ತದೆ. ಹೆಚ್ಚಿದ ಈರುಳ್ಳಿಯನ್ನು ಪಕ್ಕದ ತಟ್ಟೆಯಲ್ಲಿಡಿ, ಬೇಕಾದವರು ಹಾಕಿಕೊಳ್ಳುತ್ತಾರೆ.

ಉತ್ತರ: ಚೌಕಿಪೇಟೆ ಅತ್ತೆ

ಮಂಡಕ್ಕಿ ಒಳ್ಳೆಯ ಮಾತು, ಆದರೆ ಅದು ಊಟಕ್ಕೆ ಮುಂಚೆ ಇರಲಿ. ಎಂಟು ಗಂಟೆಗೆ ಕರೆದರೆ ಕೆಲವರು ಏಳೂವರೆಗೂ, ಕೆಲವರು ಎಂಟೂಮುಕ್ಕಾಲಿಗೂ ಬರುತ್ತಾರೆ, ಮೊದಲು ಬಂದವರ ಕೈಗೆ ಒಂದು ತಟ್ಟೆ ಮಂಡಕ್ಕಿ ಕೊಡಬಹುದು. ಮಿರ್ಚಿ ಕರಿಯುವ ಕೆಲಸವನ್ನು ನಿಮ್ಮ ಯಜಮಾನರಿಗೆ ವಹಿಸಿ. ಆದರೆ ಮನೆಯ ಮಾಲೀಕರು ಮನೆಗೆ ಮೊದಲ ಸಲ ಊಟಕ್ಕೆ ಬರುತ್ತಿರುವಾಗ ಚಿತ್ರಾನ್ನದಲ್ಲಿ ಮುಗಿಸುವುದು ಅಷ್ಟು ಚೆನ್ನಾಗಿರುವುದಿಲ್ಲ.

ರೊಟ್ಟಿಯನ್ನು ಹೊರಗೆ ಹೇಳಿ ಮಾಡಿಸಿ. ಮನೆಯಲ್ಲೇ ರೊಟ್ಟಿ ಬಡಿದು ಮಾರುವ ಹೆಂಗಸರು ನಮ್ಮೂರಿನಲ್ಲಿ ಬೇಕಾದಷ್ಟಿದ್ದಾರೆ. ಹಿಂದಿನ ದಿನವೇ ಲೆಕ್ಕ ಹೇಳಿ, ಸಂಜೆ ತಂದು ಹತ್ತಿಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟರೆ ಮೃದುವಾಗಿಯೇ ಇರುತ್ತವೆ. ಜೊತೆಗೆ ಹತ್ತು ಖಡಕ್ ರೊಟ್ಟಿ ಇರಲಿ, ಉಳಿದರೂ ವಾರಗಟ್ಟಲೆ ಕೆಡುವುದಿಲ್ಲ. ಯಾರಾದರೂ ಕೇಳಿದರೆ ತರಿಸಿದ್ದೆಂದೇ ಹೇಳಿ. ಇದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಅತ್ತೆಯವರ ಪಟ್ಟಿಯನ್ನೇ ಇಟ್ಟುಕೊಂಡು ಮೊದಲಿಗೆ ಮಂಡಕ್ಕಿ ಕೊಡುತ್ತೇವೆ. ಮಿರ್ಚಿಗೆ ಯಜಮಾನರು ಒಪ್ಪಿದ್ದಾರೆ, ಹಿಟ್ಟಿನ ಹದ ಮಾತ್ರ ನಾನೇ ನೋಡಬೇಕಂತೆ. ಕೂರಿಸುವುದು ಹೇಗೆ ಎಂಬುದೊಂದು ಉಳಿದಿದೆ. ನಮ್ಮ ಹಾಲ್ ಸುಮಾರು 10 ಅಡಿಗೆ 14 ಅಡಿ ಇದೆ.

ಉತ್ತರ: ಅಡುಗೆ ಗುತ್ತಿಗೆಯವನು

ಸೋಫಾವನ್ನು ಕೋಣೆಗೆ ಸರಿಸಿ, ಉದ್ದದ ಎರಡೂ ಗೋಡೆಗಳ ಪಕ್ಕ ಜಮಖಾನ ಹಾಸಿದರೆ ಎದುರುಬದುರಾಗಿ ಐದೈದು ಜನ ಆರಾಮವಾಗಿ ಕೂರುತ್ತಾರೆ, ನಡುವೆ ಬಡಿಸಲು ದಾರಿಯೂ ಸಿಗುತ್ತದೆ. ಮಂಡಿನೋವಿರುವವರಿಗಾಗಿ ಬಾಗಿಲ ಬಳಿ ಎರಡು ಕುರ್ಚಿ ಮತ್ತು ಒಂದು ಸಣ್ಣ ಮೇಜು ಇಡಿ. ಯಾರು ಕೂರುತ್ತೀರಿ ಎಂದು ಎಲ್ಲರೆದುರು ಕೇಳಬೇಡಿ, ಬೇಕಾದವರು ತಾವೇ ಹೋಗಿ ಕೂರುತ್ತಾರೆ. ಬಾಳೆಲೆ ಹಾಕುವುದಾದರೆ ಎಲೆಯ ತುದಿ ಉಣ್ಣುವವರ ಎಡಕ್ಕೆ ಬರಲಿ. ಒಬ್ಬರು ರೊಟ್ಟಿ, ಎಣ್ಣೆಗಾಯಿ ಬಡಿಸಿದರೆ ಇನ್ನೊಬ್ಬರು ಕೋಸಂಬರಿ, ಚಟ್ನಿಪುಡಿ, ಮೊಸರು ನೋಡಿಕೊಳ್ಳಲಿ. ಅನ್ನದ ಹೊತ್ತಿಗೆ ಪಾತ್ರೆಗಳನ್ನು ನಡುವೆ ಇಟ್ಟು ನೀವಿಬ್ಬರೂ ಎಲ್ಲರ ಜೊತೆಗೇ ಊಟಕ್ಕೆ ಕುಳಿತುಬಿಡಿ. ಈ ಬಿಸಿಲುಗಾಲದಲ್ಲಿ ಮೊಸರು ಬೇಗ ಹುಳಿಯಾಗುವುದರಿಂದ ಬೆಳಿಗ್ಗೆ ಹೆಪ್ಪು ಹಾಕಿ, ಗಟ್ಟಿಯಾದ ಕೂಡಲೇ ಫ್ರಿಜ್ಜಿನಲ್ಲಿಡಿ. ಉಳಿದ ಅನ್ನವನ್ನೂ ರಾತ್ರಿಯಿಡೀ ಹೊರಗೆ ಬಿಡಬೇಡಿ.