ಕೋವಿಡ್ ಟೈಮಲ್ಲಿ ಸರ್ಕಾರದ ಮಾತು ದಿನಕ್ಕೊಂದು ಥರ ಇತ್ತಲ್ಲ, ಅದು ಲೀಡರ್‌ಶಿಪ್ ತಪ್ಪಾ ಇಲ್ಲ ಪರಿಸ್ಥಿತಿನೇ ಹಾಗಿತ್ತಾ?

ಹೊಸಕೆರೆಹಳ್ಳಿ_ಹೈದ ಕೇಳಿದ್ದು:

ಮೊನ್ನೆ ಆಫೀಸಲ್ಲಿ ಊಟಕ್ಕೆ ಕೂತಾಗ ಕೋವಿಡ್ ವಿಷ್ಯ ಬಂತು, ಬಂದಿದ್ದೇ ತಡ ಟೇಬಲ್ಲು ಎರಡು ಪಾರ್ಟಿ ಆಗೋಯ್ತು. ಒಬ್ರು ಯಡಿಯೂರಪ್ಪನವರು ಇದ್ದಿದ್ದಕ್ಕೆ ಅಷ್ಟಾದ್ರೂ ಆಯ್ತು ಅಂತಾರೆ, ಇನ್ನೊಬ್ರು ಸರ್ಕಾರ ಅನ್ನೋದೇ ಇರ್ಲಿಲ್ಲ ಬಿಡಿ ಅಂತಾರೆ. ನನ್ ಪ್ರಶ್ನೆ ಬೆಡ್ಡು, ಕಿಟ್ಟು, ಖರೀದಿ ಇದ್ರ ಬಗ್ಗೆ ಅಲ್ಲ, ಅದ್ರ ತನಿಖೆಗೆ ಡಿ'ಕುನ್ಹಾ ಆಯೋಗ ಅದು ಇದು ಎಲ್ಲ ಆಗಿದೆ. ಬರೀ ಮಾತಿನ ಬಗ್ಗೆ ಕೇಳ್ತಿದೀನಿ. ಜನಕ್ಕೆ ಏನ್ ಹೇಳಿದ್ರು, ಯಾರ್ ಹೇಳಿದ್ರು, ಹೇಳಿದ್ಮೇಲೆ ಅದ್ರ ಮೇಲೆ ನಿಂತ್ರಾ ಅನ್ನೋದು.

ಯಾಕ್ ಕೇಳ್ದೆ ಅಂದ್ರೆ 2020 ಡಿಸೆಂಬರ್ 23 ನೆನಪಿದ್ಯಾ ಯಾರಿಗಾದ್ರೂ? ಬ್ರಿಟನ್‌ದು ಹೊಸ ವೈರಸ್ ಬಂತು ಅಂತ ನೈಟ್ ಕರ್ಫ್ಯೂ ಅಂದ್ರು, ಇವತ್ತಿಂದ್ಲೇ, ರಾತ್ರಿ 10ರಿಂದ 6. ಅದೇ ದಿನ ಸಂಜೆ ಹೊತ್ತಿಗೆ ಇವತ್ತಲ್ಲ ನಾಳೆಯಿಂದ, 11ರಿಂದ 5 ಅಂದ್ರು. ನಾಳೆ ಬಂತು, ಕರ್ಫ್ಯೂ ಶುರು ಆಗೋಕ್ ಮುಂಚೆ ಕರ್ಫ್ಯೂನೇ ಇಲ್ಲ ಹೋಗಿ ಅಂದ್ರು. ಮಾಸ್ಕ್ ದಂಡನೂ ಅಷ್ಟೇ, ಸಿಟಿಲಿ ಸಾವ್ರ ರೂಪಾಯಿ ಅಂದವ್ರು ಒಂದೇ ವಾರದಲ್ಲಿ 250ಕ್ಕೆ ಇಳಿಸಿದ್ರು. ವಲಸೆ ಕಾರ್ಮಿಕರ ರೈಲು ಇನ್ನೊಂದು, 2020 ಮೇ ತಿಂಗಳಲ್ಲಿ ಬಿಲ್ಡರ್‌ಗಳ ಜೊತೆ ಮೀಟಿಂಗ್ ಆಯ್ತು ರೈಲ್ ಕ್ಯಾನ್ಸಲ್, ದೇಶ ಎಲ್ಲ ಬಯ್ತು ಮತ್ತೆ ರೈಲ್ ಬಿಟ್ರು. ಟಿವಿ ಹಾಕಿದ್ರೆ ಯಾವಾಗ್ಲೂ ಟಫ್ ರೂಲ್ಸ್ ಟಫ್ ರೂಲ್ಸ್, ಬೆಳಿಗ್ಗೆ ಎದ್ರೆ ರೂಲ್ಸೇ ಬೇರೆ.

ಪಕ್ಷ ಬಿಟ್ಟು ಮಾತಾಡೋರು ಹೇಳಿ ಪ್ಲೀಸ್.

---

ನೇರ_ಮಾತು:

ಈಗ ಕೂತ್ಕೊಂಡು ಹೇಳೋದು ಸುಲಭ ಗುರು. ಯಾರಿಗೂ ಗೊತ್ತಿಲ್ದೇ ಇರೋ ರೋಗ ಅದು. ಆರೋಗ್ಯ ಇರೋರಿಗೆ ಮಾಸ್ಕ್ ಬೇಡ ಅಂತ ಶುರುನಲ್ಲಿ ಹೇಳಿದ್ದು ಯಾರು, ನಮ್ ಸರ್ಕಾರ ಅಲ್ಲ ಸ್ವಾಮಿ, ವಿಶ್ವ ಆರೋಗ್ಯ ಸಂಸ್ಥೆ. ಅವರೇ ಜನ ಎಲ್ಲ ಹಾಕ್ಕೊಳ್ಳಿ ಅಂತ ಸಲಹೆ ಬದಲಾಯಿಸಿದ್ದು 2020 ಜೂನಲ್ಲಿ. ನಮ್ ಕೇಂದ್ರ ಸರ್ಕಾರ ಅದಕ್ಕೂ ಮುಂಚೆ ಏಪ್ರಿಲಲ್ಲೇ ಮನೇಲಿ ಬಟ್ಟೆ ಮಾಸ್ಕ್ ಹೊಲ್ಕೊಳ್ಳಿ ಅಂದಿತ್ತು. ಮಾಹಿತಿ ಬದಲಾದ್ರೆ ಮಾತು ಬದಲಾಗ್ಲೇಬೇಕು, ಬದಲಾಗ್ದೇ ಇದ್ರೆ ಅದು ತಪ್ಪು.

ಯಡಿಯೂರಪ್ಪನವ್ರಿಗೆ ಆಗ 77 ವರ್ಷ, ಆ ವಯಸ್ಸಲ್ಲಿ ದಿನಾ ಮೀಟಿಂಗ್ ಮಾಡಿದ ಮನುಷ್ಯ. 2020 ಮೇ ತಿಂಗಳಲ್ಲಿ 1,610 ಕೋಟಿ ಪ್ಯಾಕೇಜ್ ಕೊಟ್ಟು ಅಗಸರು, ಕ್ಷೌರಿಕರು, ಆಟೋದವ್ರು, ಹೂವಿನ ಬೆಳೆಗಾರರು ಅಂತ ಹೆಸರಿಟ್ಟು ಹೇಳಿದ್ರು, ಎಷ್ಟು ರಾಜ್ಯ ಮಾಡಿತ್ತು ಹೀಗೆ? ಇನ್ನೊಂದು ಮರೀಬೇಡಿ, ದಿಲ್ಲಿಯ ತಬ್ಲೀಗಿ ಜಮಾತ್ ಸಭೆಯಿಂದ ಕೊರೊನಾ ಹರಡ್ತು ಅಂತ ಗಲಾಟೆ ಆದ ಟೈಮಲ್ಲಿ ಮುಸ್ಲಿಮರ ವಿರುದ್ಧ ಯಾರೂ ಮಾತಾಡ್ಬಾರ್ದು, ಮಾತಾಡಿದ್ರೆ ಕ್ರಮ ತಗೋತೀನಿ ಅಂತ ಟಿವಿಲಿ ನೇರವಾಗಿ ಹೇಳಿದ ಸಿಎಂ ಇವ್ರು, ಅದಕ್ಕೆ ಸ್ವಂತ ಪಕ್ಷದ ಬೆಂಬಲಿಗರ ಹತ್ರನೇ ಬೈಸಿಕೊಂಡ್ರು. ಲೀಡರ್‌ಶಿಪ್ ಅಂದ್ರೆ ಅದಲ್ವಾ?

ನೈಟ್ ಕರ್ಫ್ಯೂ ಜನಕ್ಕೆ ಬೇಡ ಅನ್ನಿಸ್ತು, ವಾಪಸ್ ತಗೊಂಡ್ರು. ಜನ ಹೇಳಿದ್ದು ಕೇಳ್ಲಿಲ್ಲ ಅಂದ್ರೆ ಸರ್ವಾಧಿಕಾರಿ, ಕೇಳಿದ್ರೆ ಗೊಂದಲದ ಗೂಡು. ಏನ್ ಮಾಡ್ಬೇಕು ಹೇಳಿ ಮತ್ತೆ.

---

ಪಿಎಚ್‌ಸಿ_ಅಕ್ಕ:

ನಾನು ತುಮಕೂರು ಜಿಲ್ಲೇಲಿ ಒಂದು ಪಿಎಚ್‌ಸಿಲಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಕೆಲ್ಸ ಮಾಡ್ತಿದ್ದೆ ಆಗ. ವಿಧಾನಸೌಧದಲ್ಲಿ ಏನಾಯ್ತೋ ನಂಗೊತ್ತಿಲ್ಲ, ಅಲ್ಲಿ ಮಾತಾಡಿದ್ದು ಕೆಳಗೆ ಹೇಗೆ ಬರ್ತಿತ್ತು ಅನ್ನೋದ್ ಮಾತ್ರ ಹೇಳ್ತೀನಿ.

ನೇರ ಮಾತು ಸರ್ ಹೇಳಿದ್ದು ಅರ್ಧ ಸರಿ. ರೂಲ್ಸ್ ಬದಲಾಗಿದ್ದಕ್ಕೆ ಜನ ಅಷ್ಟೊಂದು ಬೇಜಾರ್ ಮಾಡ್ಕೊಳ್ಲಿಲ್ಲ, ಯಾಕ್ ಬದಲಾಯ್ತು ಅಂತ ಯಾರೂ ಹೇಳ್ಲಿಲ್ವಲ್ಲ, ಪ್ರಾಬ್ಲಮ್ ಅಲ್ಲಿತ್ತು. ನಮಗೇ ಹೇಳ್ತಿರ್ಲಿಲ್ಲ ಇನ್ನು ಜನಕ್ಕೆಲ್ಲಿ. ರಾತ್ರಿ ಹನ್ನೊಂದಕ್ಕೆ ವಾಟ್ಸಾಪ್ ಗ್ರೂಪಿಗೆ ಪಿಡಿಎಫ್ ಬೀಳೋದು, ಬೆಳಿಗ್ಗೆ ಆಶಾ ಹುಡ್ಗೀರು ಅದನ್ನ ಓದ್ಕೊಂಡು ಮನೆಮನೆಗೆ ಹೋಗೋ ಅಷ್ಟರಲ್ಲಿ ಅಲ್ಲಿರೋರು ಟಿವಿ ನೋಡ್ಕೊಂಡು ಅವರಿಗಿಂತ ಜಾಸ್ತಿ ತಿಳ್ಕೊಂಡಿರೋರು, ಅದೂ ಟಿವಿಲಿ ಬಂದಿದ್ದು ಒಂದು, ಪಿಡಿಎಫಲ್ಲಿರೋದು ಇನ್ನೊಂದು.

ವ್ಯಾಕ್ಸಿನ್ ವಿಷ್ಯನೇ ತಗೊಳ್ಳಿ. ಕೋವಿಶೀಲ್ಡ್ ಶುರು ಆದಾಗ ಎರಡನೇ ಡೋಸು 4ರಿಂದ 6 ವಾರ, 2021 ಮಾರ್ಚ್ ಕೊನೇಲಿ 6ರಿಂದ 8 ವಾರ, ಮೇ 13ಕ್ಕೆ 12ರಿಂದ 16 ವಾರ. ನಮ್ಮಲ್ಲಿ ಒಬ್ಬ ತಾತ ಏಪ್ರಿಲ್ ಮೊದಲ ವಾರ ಮೊದಲನೇ ಡೋಸ್ ಹಾಕ್ಸಿಕೊಂಡಿದ್ದ, ಆರು ವಾರಕ್ಕೆ ಬಾ ಅಂತ ನಾನೇ ಅವನ ಆಧಾರ್ ಜೆರಾಕ್ಸ್ ಹಿಂದೆ ಪೆನ್ನಲ್ಲಿ ತಾರೀಖು ಬರ್ದು ಕೊಟ್ಟಿದ್ದೆ. ಕರೆಕ್ಟಾಗಿ ಅದೇ ದಿನ ಮೊಮ್ಮಗನ ಟಿವಿಎಸ್ ಮೇಲೆ ಕೂತ್ಕೊಂಡು ಬಂದ, ವ್ಯಾಕ್ಸಿನ್ ಎಂಟ್ರಿ ಮಾಡೋ ಕೋವಿನ್ ಪೋರ್ಟಲ್ ತೆಗೆದ್ರೆ 84 ದಿನ ಆಗಿಲ್ಲ ಅಂತ ಎಂಟ್ರಿನೇ ತಗೊಳ್ತಿಲ್ಲ. ತಾತ ಆ ಜೆರಾಕ್ಸ್ ತೆಗೆದು ಟೇಬಲ್ ಮೇಲೆ ಇಟ್ಟು "ಇದು ನೀನೇ ಬರ್ದಿದ್ದಲ್ವೇನವ್ವ" ಅಂದ. ಏನ್ ಹೇಳ್ಲಿ? ಗ್ಯಾಪ್ ಜಾಸ್ತಿ ಇದ್ರೆ ಒಳ್ಳೇದಂತೆ ತಾತ ಅಂದೆ. ಸ್ಟಾಕ್ ಇಲ್ಲ ಅನ್ನೋದನ್ನ ಹಿಂಗ್ ಹೇಳ್ತಿದೀರ ಅಂದ್ಬಿಟ್ಟ ಪಕ್ಕದಲ್ಲಿದ್ದ ಮೊಮ್ಮಗ. ಅದೇ ವಾರ ರಾಜ್ಯದಲ್ಲಿ 18ರಿಂದ 44ರವ್ರಿಗೆ ಕೊಡೋದನ್ನೇ ನಿಲ್ಲಿಸಿದ್ರು, ಬುಕ್ ಮಾಡ್ಕೊಂಡೋರ್ದೆಲ್ಲ ಕ್ಯಾನ್ಸಲ್, ಅಂಥಾ ಟೈಮಲ್ಲಿ ಗ್ಯಾಪ್ ಹೆಚ್ಚಿಸಿದ್ರೆ ಯಾರು ನಂಬ್ತಾರೆ. ಮೇಲಿಂದ ಆಗ ಕೇಂದ್ರ ಮಂತ್ರಿ ಆಗಿದ್ದ ಸದಾನಂದ ಗೌಡ್ರು, ಕೋರ್ಟು ಎಲ್ಲರಿಗೂ ವ್ಯಾಕ್ಸಿನ್ ಕೊಡಿ ಅಂದ್ರೆ, ತಯಾರೇ ಆಗಿಲ್ಲ ಅಂದ್ಮೇಲೆ ನಾವು ನೇಣು ಹಾಕ್ಕೋಬೇಕಾ ಅನ್ನೋ ಥರ ಮಾತಾಡಿದ್ರು. ಅದನ್ನ ನಾವು ಹಳ್ಳೀಲಿ ಹೇಗೆ ಹೇಳೋದು?

ಜುಲೈನಲ್ಲಿ ಸ್ಟಾಕ್ ಬಂದ್ಮೇಲೆ ಅದೇ ತಾತನ ಮನೆಗೆ ಹೋದ್ರೆ ಸೊಸೆ ಬಾಗ್ಲಲ್ಲೇ ನಿಂತು ಹೊಲಕ್ಕೆ ಹೋಗವ್ರೆ ಅನ್ನೋಳು, ಒಳಗೆ ತಾತ ಕೆಮ್ಮೋದು ನಂಗೆ ಕೇಳ್ಸೋದು. ನಾಕನೇ ಸಲ ಡಾಕ್ಟ್ರನ್ನ ಕರ್ಕೊಂಡ್ ಹೋದ್ಮೇಲೆ ಹಾಕ್ಸಿಕೊಂಡ.

---

ಕಲಬುರ್ಗಿ_ಬಿಸಿಲು:

ಅಕ್ಕಾರ ಹೇಳಿದ್ದು ಖರೇ ಅದ. ನಮ್ ಕಡಿಂದು ಒಂದ್ ಮಾತು ಕೇಳ್ರಿ. ದೇಶದಾಗ ಕೊರೊನಾದಿಂದ ಮೊದಲ ಸಾವು ಆಗಿದ್ದು ನಮ್ಮ ಕಲಬುರ್ಗಿಯವರ್ದು. 76 ವರ್ಷದ ಮನುಷ್ಯ, ಸೌದಿಯಿಂದ ಬಂದಿದ್ರು, 2020 ಮಾರ್ಚ್ 10ಕ್ಕ ತೀರ್ಕೊಂಡ್ರು, ರಿಪೋರ್ಟ್ ಬಂದು ಖಾತ್ರಿ ಆಗಿದ್ದು 12ಕ್ಕ. ನಡುವಿನ ಎರಡು ದಿನ ಊರಾಗ ಏನೇನ್ ಸುದ್ದಿ ಹಬ್ಬಿತ್ತು ಅಂತ ಈಗ ಹೇಳಿದ್ರ ನಗ್ತೀರಿ. ಆ ಟೈಮಿನ್ಯಾಗ ಒಬ್ರು ದೊಡ್ಡವ್ರು ಕುಂತು, ಇಷ್ಟು ಗೊತ್ತದ, ಇಷ್ಟು ಗೊತ್ತಿಲ್ಲ, ಗೊತ್ತಾದ್ಮ್ಯಾಲ ಹೇಳ್ತೀವಿ ಅಂದಿದ್ರ ಸಾಕಿತ್ತು. ಯಾರೂ ಹಂಗ ಹೇಳ್ಲಿಲ್ಲ.

ಹೇಳೋರು ಯಾರು ಅಂತನೇ ತೀರ್ಮಾನ ಆಗಿರ್ಲಿಲ್ಲಲ್ರಿ. ಆರೋಗ್ಯ ಮಂತ್ರಿ ಶ್ರೀರಾಮುಲು, ವೈದ್ಯಕೀಯ ಶಿಕ್ಷಣ ಮಂತ್ರಿ ಸುಧಾಕರ್, ಇಬ್ಬರೂ ಟ್ವೀಟ್ ಮಾಡೋರೇ. ಆಮ್ಯಾಲ ಬೆಂಗಳೂರು ಇವ್ರಿಗೆ ಉಳಿದಿದ್ದು ಅವ್ರಿಗೆ ಅಂತ ಹಂಚಿದ್ರು, ಅದೂ ಆಗಲಿಲ್ಲ, ಏಪ್ರಿಲ್‌ದಾಗ ಶಾಲಿ ಮಂತ್ರಿ ಸುರೇಶ್ ಕುಮಾರ್ ಅವ್ರನ್ನ ದಿನಾ ಮಾತಾಡ್ಲಿಕ್ಕ ಕುಂಡ್ರಿಸಿದ್ರು. ಅವ್ರು ಛಲೋ ಹೇಳ್ತಿದ್ರು, ಸುಳ್ಳ್ಯಾಕ ಹೇಳ್ಬೇಕು, ಸಮಾಧಾನದಿಂದ ಹೇಳ್ತಿದ್ರು. ಆದ್ರ ಆರೋಗ್ಯ ಖಾತೆ ಒಬ್ಬರ್ದು, ಬಾಯಿ ಇನ್ನೊಬ್ಬರ್ದು. ಖಾತೆನೇ ಸುಧಾಕರ್ ಅವ್ರಿಗೆ ಹೋಗ್ಬೇಕಂದ್ರ ಅಕ್ಟೋಬರ್ ಬಂತು. ನಡುವ ಜುಲೈದಾಗ ಶ್ರೀರಾಮುಲು ಅವ್ರು ದೇವರೇ ಕಾಪಾಡ್ಬೇಕು ಅಂದ್ಬಿಟ್ರು, ಮರುದಿನ ನಾ ಹಂಗಂದಿಲ್ಲ ಅಂದ್ರು. ಅಲ್ರೀ, ಆರೋಗ್ಯ ಮಂತ್ರಿನೇ ದೇವರ ಮ್ಯಾಲ ಹಾಕಿದ್ರ ನಾವ್ ಯಾರ್ ಮುಂದ ಹೋಗ್ಬೇಕು.

ಮದುವಿ ವಿಷ್ಯ ಬ್ಯಾರೆ ಹೇಳಂಗೇ ಇಲ್ಲ. ಮಾರ್ಚ್ 13ಕ್ಕ ಮಾಲು, ಸಿನಿಮಾ, ಅದ್ದೂರಿ ಮದುವಿ ಎಲ್ಲ ಬಂದ್ ಅಂತ ಸಿಎಂ ಹೇಳಿದ್ರು. ಎರಡೇ ದಿನಕ್ಕ ಬೆಳಗಾವಿದಾಗ ತಮ್ಮ ಪಕ್ಷದ ಎಂಎಲ್‌ಸಿ ಮಗಳ ಮದುವಿಗೆ ಅವ್ರೇ ಹೋಗಿದ್ರು. ಜನ ನೋಡೋದು ಆರ್ಡರ್ ಕಾಪಿ ಅಲ್ರಿ, ಆರ್ಡರ್ ಮಾಡಿದವ್ರು ಎಲ್ಲಿ ಕುಂತು ಊಟ ಮಾಡಿದ್ರು ಅನ್ನೋದು.

---

ತಲಪಾಡಿ_ದಾಟಿ:

ಪಕ್ಕದ ಕೇರಳ ನೋಡಿ ಮಾರಾಯ್ರೆ. ನಮ್ಮದು ಮಂಗಳೂರು, ಟಿವಿಯಲ್ಲಿ ಎರಡೂ ಕಡೆದು ನೋಡ್ತಿದ್ದೆವು. ಅಲ್ಲಿಯ ಆಗಿನ ಸಿಎಂ ಪಿಣರಾಯಿ ಸಂಜೆ ಆರು ಗಂಟೆಗೆ ಕೂತು ಎಷ್ಟು ಕೇಸು, ಯಾವ ಜಿಲ್ಲೆ, ನಾಳೆ ಏನು ತೆರೆದಿರ್ತದೆ ಅಂತ ಓದ್ತಿದ್ರು, ಅಲ್ಲಿ ಜನ ಆ ಟೈಮಿಗೆ ಕಾಯ್ತಿದ್ರು. ಬೋರ್ ಆಗ್ತಿತ್ತು, ಆದ್ರೆ ಬೋರ್ ಆಗೋದೇ ಬೇಕಿತ್ತು ಆಗ. ನಮ್ಮಲ್ಲಿ ಪ್ರತಿ ಪ್ರೆಸ್‌ಮೀಟೂ ಬ್ರೇಕಿಂಗ್ ನ್ಯೂಸ್. ತಲಪಾಡಿ ಗಡಿಗೆ ಮಣ್ಣು ಹಾಕಿ ಕಾಸರಗೋಡಿನ ಪೇಷಂಟುಗಳನ್ನು ಬಿಡದೆ ಅದು ಸುಪ್ರೀಂ ಕೋರ್ಟಿನವರೆಗೆ ಹೋಯ್ತಲ್ಲ, ಇಷ್ಟು ವರ್ಷ ಆಸ್ಪತ್ರೆಗೆ ಅಂತ ಮಂಗಳೂರಿಗೇ ಬರ್ತಿದ್ದವರಿಗೆ ಒಂದು ರಾತ್ರಿಯಲ್ಲಿ ಬರ್ಬೇಡಿ ಅಂತ ಹೇಳಿದ್ದು ನಮಗೇ ನಾಚಿಕೆ.

---

ನೇರ_ಮಾತು:

ಕೇರಳ ಕೇರಳ ಅನ್ನೋರು 2021 ಜುಲೈ ಮರೀಬೇಡಿ. ಬಕ್ರೀದಿಗೆ ಅಂತ ಮೂರು ದಿನ ಅಂಗಡಿ ಬಿಟ್ಟು ಸುಪ್ರೀಂ ಕೋರ್ಟ್ ಹತ್ರ ಉಗಿಸ್ಕೊಂಡ್ರು, ಆಗಸ್ಟಲ್ಲಿ ದೇಶದ ಹೊಸ ಕೇಸಲ್ಲಿ ಅರ್ಧಕ್ಕಿಂತ ಜಾಸ್ತಿ ಅಲ್ಲೇ ಇತ್ತು. ದಿನಾ ಆರು ಗಂಟೆಗೆ ಮಾತಾಡಿದ್ರೆ ಎಲ್ಲ ಸರಿ ಹೋಗಲ್ಲ. ಆರೋಗ್ಯ ಮಂತ್ರಿಯಾಗಿ ಅಷ್ಟು ಚೆನ್ನಾಗಿ ಕೆಲ್ಸ ಮಾಡಿದ ಶೈಲಜಾ ಟೀಚರನ್ನ 2021ರ ಎಲೆಕ್ಷನ್ ಗೆದ್ದ ಮೇಲೆ ಮಂತ್ರಿನೇ ಮಾಡ್ಲಿಲ್ಲ ಅಲ್ಲಿ.

ಕಲಬುರ್ಗಿ ಸರ್, ಮದುವೆ ಅಂದ್ರಲ್ಲ. ಲಾಕ್‌ಡೌನ್ ಮಧ್ಯೆ 2020 ಏಪ್ರಿಲ್ 17ಕ್ಕೆ ಮಾಜಿ ಸಿಎಂ ಕುಮಾರಸ್ವಾಮಿ ಮಗನ ಮದುವೆ ಆಯ್ತು ರಾಮನಗರದಲ್ಲಿ. 2022 ಜನವರಿ 9ಕ್ಕೆ ವೀಕೆಂಡ್ ಕರ್ಫ್ಯೂ ಇದ್ದಾಗ್ಲೇ ಕಾಂಗ್ರೆಸ್ಸು ಮೇಕೆದಾಟು ಪಾದಯಾತ್ರೆ ಶುರು ಮಾಡ್ತು, ಟೆಸ್ಟ್ ಮಾಡೋಕ್ ಬಂದ ಆಫೀಸರನ್ನ ಡಿಕೆಶಿ ವಾಪಸ್ ಕಳ್ಸಿದ್ರು, ಹೈಕೋರ್ಟ್ ಕೇಳಿದ್ಮೇಲೆ ತಾನೇ ನಿಲ್ಸಿದ್ದು? ಮಾಸ್ಕ್ ಹಾಕ್ಕೊಳ್ಳಿ ಅಂತ ಜನಕ್ಕೆ ಹೇಳೋಕೆ ಯಾವ ಪಕ್ಷಕ್ಕೆ ಮುಖ ಇತ್ತು ಹೇಳಿ. ಬರೀ ಒಬ್ಬರನ್ನ ಹಿಡ್ಕೊಂಡು ಬಯ್ಯೋದು ಸರಿಯಲ್ಲ.

---

ಹೊಸಕೆರೆಹಳ್ಳಿ_ಹೈದ:

ಮೇಕೆದಾಟು ಪಾಯಿಂಟು ಒಪ್ದೆ, ನೂರಕ್ಕೆ ನೂರು. ಆದ್ರೆ ವಿರೋಧ ಪಕ್ಷ ತಪ್ಪು ಮಾಡೋದಕ್ಕೂ ಅಧಿಕಾರದಲ್ಲಿರೋರು ಮಾಡೋದಕ್ಕೂ ವ್ಯತ್ಯಾಸ ಇಲ್ವಾ? ಸರ್ಕಾರಕ್ಕೆ ತಜ್ಞರ ಸಮಿತಿ ಇತ್ತು, 2020 ನವೆಂಬರ್ ಕೊನೆಗೇ ಎರಡನೇ ಅಲೆ ಬಗ್ಗೆ ಎಚ್ಚರಿಕೆ ಕೊಟ್ಟಿದ್ರು. ಅದು ಇಟ್ಕೊಂಡು 2021 ಏಪ್ರಿಲಲ್ಲಿ ಬೆಳಗಾವಿ, ಮಸ್ಕಿ, ಬಸವಕಲ್ಯಾಣ ಬೈ ಎಲೆಕ್ಷನ್‌ಗೆ ರ‍್ಯಾಲಿ ಮಾಡಿದ್ರು, ಎಲ್ಲಾ ಪಕ್ಷನೂ ಸೇರಿ. ಅದೇ ಏಪ್ರಿಲ್ ಕೊನೇಲಿ ಅಕ್ಕಿ ಯಾಕ್ ಕಮ್ಮಿ ಮಾಡಿದ್ರಿ ಅಂತ ಫೋನ್ ಮಾಡಿದ ರೈತನಿಗೆ ಆಹಾರ ಸಚಿವ್ರು ಸಾಯೋದು ಒಳ್ಳೇದು ಅಂದ್ರು, ಆಮೇಲೆ ಕ್ಷಮೆ ಕೇಳಿದ್ರು ಅನ್ನಿ.

ಅಕ್ಕ, ನಿಮ್ಮತ್ರ ಒಂದು ಕೇಳ್ಬೇಕು. ಏಪ್ರಿಲ್ 26ಕ್ಕೆ ನಾಳೆ ರಾತ್ರಿಯಿಂದ 14 ದಿನ ಎಲ್ಲಾ ಕ್ಲೋಸ್ ಅಂತ ಹೇಳ್ದಾಗ ಬೆಂಗಳೂರಿಂದ ಜನ ಮೂಟೆ ಕಟ್ಕೊಂಡು ಹೊರಟ್ರಲ್ಲ, ಅದು ಹಳ್ಳಿಲಿ ಹೇಗಿತ್ತು?

---

ಪಿಎಚ್‌ಸಿ_ಅಕ್ಕ:

ಹೇಗಿತ್ತು ಅಂದ್ರೆ, ಒಂದು ದಿನ ಟೈಮ್ ಕೊಟ್ರೆ ಜನ ಊರಿಗೆ ಹೋಗ್ತಾರೆ ಅನ್ನೋದು ಯಾರಿಗೆ ಗೊತ್ತಿಲ್ಲ? ಬರೋರು ಬರ್ಲಿ, ಬಂದವ್ರನ್ನ ಎಲ್ಲಿ ಇಡೋದು ಅಂತ ಅದೇ ಭಾಷಣದಲ್ಲಿ ಒಂದು ಮಾತು ಹೇಳಿದ್ರೆ ಪಂಚಾಯ್ತಿಯವ್ರು ಸ್ಕೂಲ್ ಬೀಗ ತೆಗೆದಿಡ್ತಿದ್ರು. 2020ರಲ್ಲಿ ಅದಾಗಿತ್ತು, ಕೈಗೆ ಸೀಲು ಹಾಕ್ತಿದ್ರು, ಸೀಲ್ ಇದ್ದವ್ರು ಟೀ ಅಂಗಡಿಗೆ ಬಂದ್ರೆ ಊರವ್ರೇ ಫೋನ್ ಮಾಡೋರು (ಅದೂ ಅತಿ ಆಗಿತ್ತು ಬಿಡಿ, ಕಳ್ಳರನ್ನ ನೋಡ್ದಂಗೆ ನೋಡ್ತಿದ್ರು). 2021ಕ್ಕೆ ಏನೂ ಇಲ್ಲ. ಹಬ್ಬಕ್ಕೆ ಬಂದಂಗೆ ಬಂದ್ರು, ಎಲ್ಲ ಒಂದೇ ಮನೇಲಿ ಉಳ್ಕೊಂಡ್ರು, ಒಂದು ವಾರ ಆದ್ಮೇಲೆ ಜ್ವರದ ಮಾತ್ರೆಗೆ ಕ್ಯೂ. ಟೆಸ್ಟ್ ಮಾಡ್ಸಿ ಅಂದ್ರೆ ಪಾಸಿಟಿವ್ ಬಂದ್ರೆ ಎತ್ತಾಕ್ಕೊಂಡ್ ಹೋಗ್ತಾರೆ ಅಂತ ಓಡೋರು. ಆ ಭಯ 2020ರಲ್ಲಿ ನಾವೇ ಹುಟ್ಟಿಸಿದ್ದು, ಬೀದಿಗೆ ತಗಡು ಹೊಡೆದು, ಮನೆ ಬಾಗ್ಲಿಗೆ ಚೀಟಿ ಅಂಟ್ಸಿ. ಅದನ್ನ ವಾಪಸ್ ತೆಗೆಯೋಕೆ ಯಾವ ಪ್ರೆಸ್‌ಮೀಟೂ ಆಗ್ಲಿಲ್ಲ.

---

ಕಲಬುರ್ಗಿ_ಬಿಸಿಲು:

ನೇರ ಮಾತು ಸರ್, ನೀವು ಮಾಹಿತಿ ಬದಲಾದ್ರ ಮಾತು ಬದಲಾಗ್ತದ ಅಂದ್ರಿ. ಮಾಸ್ಕಿಗೆ ಒಪ್ತೀನಿ, ವ್ಯಾಕ್ಸಿನ್ ಗ್ಯಾಪಿಗೂ ಬೇಕಾದ್ರ ಒಪ್ತೀನಿ. ಚಾಮರಾಜನಗರಕ್ಕ ಏನಂತೀರಿ? 2021 ಮೇ 2ರ ರಾತ್ರಿ ಆಕ್ಸಿಜನ್ ಇಲ್ದೇ ಜನ ಸತ್ರು, ಮೊದಲ ಬಂದ ಸುದ್ದಿ 24. ಮಂತ್ರಿಗಳು ಆಕ್ಸಿಜನ್ ಕೊರತೆಯಿಂದ ಸತ್ತವ್ರು ಮೂರೇ ಮಂದಿ ಅಂದ್ರು. ಹೈಕೋರ್ಟ್ ನೇಮಿಸಿದ ಸಮಿತಿ 36 ಅಂತು. ಜುಲೈದಾಗ ರಾಜ್ಯಸಭಾದಾಗ ಕೇಂದ್ರ ಸರ್ಕಾರ, ಆಕ್ಸಿಜನ್ ಕೊರತೆಯಿಂದ ಸತ್ತವ್ರು ಅಂತ ಯಾವ ರಾಜ್ಯನೂ ವರದಿ ಕೊಟ್ಟಿಲ್ಲ ಅಂತು. ಮೈಸೂರು ಡಿಸಿ, ಚಾಮರಾಜನಗರ ಡಿಸಿ ಸಿಲಿಂಡರ್ ಯಾರು ತಡದ್ರು ಅಂತ ಟಿವಿದಾಗ ಒಬ್ರಿಗೊಬ್ರು ಹೇಳ್ಕೊಂಡ್ರು. ಇದ್ರಾಗ ಯಾವ ವಿಜ್ಞಾನ ಬದಲಾಯ್ತ್ರಿ?

---

ನೇರ_ಮಾತು:

ಚಾಮರಾಜನಗರ ನಾನು ಸಮರ್ಥನೆ ಮಾಡಲ್ಲ, ಯಾರೂ ಮಾಡೋಕಾಗಲ್ಲ. ಆದ್ರೆ ಆ ವಿಷ್ಯಕ್ಕೆ ಬಯ್ಯೋದಾದ್ರೆ ಲೆಕ್ಕ ಕೇಳಿ, ಯಾವ ಅಧಿಕಾರಿ ಮೇಲೆ ಏನ್ ಕ್ರಮ ಆಯ್ತು ಅಂತ ಈಗಿರೋ ಸರ್ಕಾರದ ಹತ್ರನೂ ಕೇಳಿ. ಆಗ ರಾಹುಲ್ ಗಾಂಧಿಯಿಂದ ಹಿಡ್ದು ಎಲ್ಲರೂ ಟ್ವೀಟ್ ಮಾಡಿದ್ರು, 2023ರಲ್ಲಿ ಗೆದ್ದು ಬಂದ್ರು.

---

ಕಲಬುರ್ಗಿ_ಬಿಸಿಲು:

ಕೇಳೋಣ ನಡೀರಿ. ಇವ್ರಿಗೂ ಕೇಳೋಣ, ಅವ್ರಿಗೂ ಕೇಳೋಣ.