ಜರ್ಮನಿಯ ಗೊರ್ಲೆಬೆನ್ ಕಾಡಿನ ಭಾನುವಾರದ ಪ್ರಾರ್ಥನೆಗೆ ಯಾರಾದರೂ ಹೋಗಿದ್ದೀರಾ?

ದೀಪದ_ಬತ್ತಿ:
ಹ್ಯಾಂಬರ್ಗ್‌ಗೆ ಬಂದು ಎಂಟು ತಿಂಗಳಾಯಿತು. ನಮ್ಮ ಮನೆ ಓನರ್ ಅಜ್ಜಿ ಈ ಭಾನುವಾರ ಗೊರ್ಲೆಬೆನ್‌ಗೆ ಬಾ ಎಂದು ಕರೆದಿದ್ದಾರೆ. ಮಧ್ಯಾಹ್ನ ಎರಡಕ್ಕೆ ಕಾಡಿನಲ್ಲಿ ಪ್ರಾರ್ಥನೆಯಂತೆ, ಅಣು ತ್ಯಾಜ್ಯದ ವಿರುದ್ಧವಂತೆ. ನನಗೆ ಸಂಜೆ ದೀಪ ಹಚ್ಚಿ ಗೊತ್ತೇ ಹೊರತು ಚರ್ಚಿನ ಪದ್ಧತಿ ಗೊತ್ತಿಲ್ಲ. ವೀಸಾದ ಮೇಲೆ ಇರುವವಳು, ಪೊಲೀಸರು ಬಂದರೆ ಅಂತ ಭಯ ಬೇರೆ. ಅಲ್ಲದೆ ತ್ಯಾಜ್ಯ ಹೂಳಲು ಆರಿಸಿದ್ದ ಆ ಜಾಗವನ್ನು ಸರ್ಕಾರ ಕೈಬಿಟ್ಟಾಯಿತು ಅಂತ ಓದಿದೆ. ಮತ್ಯಾಕೆ ಪ್ರಾರ್ಥನೆ?

ಮಲೆನಾಡ_ಮಳೆ:
ಲ್ಯೂನೆಬರ್ಗ್‌ನಲ್ಲಿ ಒಂಬತ್ತು ವರ್ಷ ಇದ್ದೆ, ಆರೇಳು ಸಲ ಹೋಗಿದ್ದೇನೆ. ಮೊದಲ ಸಲ ದೊಡ್ಡ ಮೆರವಣಿಗೆ ಇರುತ್ತದೆ ಅಂದುಕೊಂಡಿದ್ದೆ. ನೋಡಿದರೆ ಜಿಟಿಜಿಟಿ ಮಳೆಯಲ್ಲಿ ಹನ್ನೊಂದು ಜನ, ಒಂದು ನಾಯಿ. ಪೈನ್ ಮರಗಳ ನಡುವೆ ಮರದ ಶಿಲುಬೆಗಳು. 1988ರಲ್ಲಿ ಅಣು ವಿರೋಧಿಗಳು ಬವೇರಿಯಾದ ವಾಕರ್ಸ್‌ಡಾರ್ಫ್‌ನಿಂದ (ಅಲ್ಲೂ ಒಂದು ಅಣು ಘಟಕ ಕಟ್ಟುತ್ತಿದ್ದರು) ಇಲ್ಲಿಯವರೆಗೆ ಶಿಲುಬೆ ಹೊತ್ತು ನಡೆದು ಬಂದಿದ್ದರು. ಮುಂದಿನ ವರ್ಷದಿಂದ ಪ್ರತಿ ಭಾನುವಾರ ಪ್ರಾರ್ಥನೆ. ಕ್ಯಾಥೊಲಿಕರು, ಪ್ರಾಟೆಸ್ಟಂಟರು ಅಂತ ಭೇದ ಇಲ್ಲ. ನನ್ನ ಧರ್ಮ ಯಾವುದು ಅಂತ ಒಬ್ಬರೂ ಕೇಳಲಿಲ್ಲ. ಕೊಡೆ ಇಲ್ಲವಾ ಅಂತ ಮಾತ್ರ ಕೇಳಿದರು! ನಾನು ಹೋದಾಗಲೆಲ್ಲ ಪೊಲೀಸರು ಕಣ್ಣಿಗೆ ಬೀಳಲಿಲ್ಲ.

ಕೈಬಿಟ್ಟದ್ದು ನಿಜ. 1977ರಲ್ಲಿ ಆರಿಸಿದ, ನೆಲದಡಿಯಲ್ಲಿರುವ ಉಪ್ಪಿನ ಗುಡ್ಡೆಯನ್ನು 2020ರಲ್ಲಿ ತ್ಯಾಜ್ಯ ಹೂಳುವ ಜಾಗಗಳ ಪಟ್ಟಿಯಿಂದ ತೆಗೆದರು. ಆದರೆ ಅದು ನೆಲದಡಿಯ ಮಾತು. ಅದೇ ಕಾಡಿನಲ್ಲಿ, ನೆಲದ ಮೇಲೆ ಒಂದು ದೊಡ್ಡ ಶೆಡ್ ಇದೆ. ಅದರೊಳಗೆ ಅಣು ತ್ಯಾಜ್ಯ ತುಂಬಿದ 113 ಕ್ಯಾಸ್ಟರ್ ಪೀಪಾಯಿಗಳು ಹಾಗೇ ನಿಂತಿವೆ. ಶೆಡ್ಡಿನ ಪರವಾನಗಿ 2034ರವರೆಗೆ ಮಾತ್ರ. ಆಮೇಲೆ ಎಲ್ಲಿಗೆ? ಅದಕ್ಕೇ ಈ ಪ್ರಾರ್ಥನೆ.

ಲೆಕ್ಕದ_ಮೇಷ್ಟ್ರು:
ಪ್ರಾರ್ಥನೆ ಮಾಡಿದರೆ ವಿಕಿರಣ ಕಡಿಮೆಯಾಗುತ್ತದಾ? ಸುಮ್ನೆ ಪೆಟ್ರೋಲ್ ದಂಡ.

ಮಲೆನಾಡ_ಮಳೆ:
ಇಲ್ಲ ಸ್ವಾಮಿ, ಅಲ್ಲಿಗೆ ಬರುವವರೂ ಹಾಗೆ ಹೇಳುವುದಿಲ್ಲ. ಗುಡ್ಡೆ ಬಿಟ್ಟದ್ದು ಭೂವಿಜ್ಞಾನದ ಕಾರಣಕ್ಕೆ, ಅದನ್ನು ದೇವರ ಖಾತೆಗೆ ನಾನೂ ಬರೆಯುವುದಿಲ್ಲ. ಆದರೆ ಈ ಭೂವಿಜ್ಞಾನ 1977ರಲ್ಲೂ ಇತ್ತಲ್ವಾ? ಇನ್ನೊಮ್ಮೆ ಸರಿಯಾಗಿ ನೋಡಿ ಅಂತ ನಲವತ್ತು ವರ್ಷ ಬೆನ್ನು ಬಿಡದೆ ಕೇಳಿದ್ದು ಆ ಊರಿನವರು. ಟ್ರ್ಯಾಕ್ಟರ್ ತಂದ ರೈತರಿದ್ದರು, ರಸ್ತೆಯಲ್ಲಿ ಕೂತವರಿದ್ದರು. ಪೀಪಾಯಿ ಹೊತ್ತ ಕೊನೆಯ ರೈಲು 2011ರಲ್ಲಿ ಬಂತು. ಟಿವಿಯವರು ಬರುತ್ತಿದ್ದದ್ದು ರೈಲಿಗೆ. ಈ ಹನ್ನೊಂದು ಜನ ರೈಲಿಲ್ಲದ ಭಾನುವಾರಗಳಲ್ಲೂ ಬರುತ್ತಿದ್ದರು.

ಗಣಿಯ_ಮೊಮ್ಮಗ:
ನಮ್ಮಜ್ಜ ಕೆಜಿಎಫ್ ಗಣಿಯಲ್ಲಿ ಇಳಿದವರು. 2001ರಲ್ಲಿ ಗಣಿ ಮುಚ್ಚಿತು. 2012ರ ನವೆಂಬರ್‌ನಲ್ಲಿ ತಮಿಳುನಾಡಿನ ಕೂಡಂಕುಳಂ ಅಣುಸ್ಥಾವರದ ಕೇಸ್ ನಡೆಯುವಾಗ, ಅಲ್ಲಿನ ತ್ಯಾಜ್ಯವನ್ನು ನಮ್ಮ ಗಣಿಯೊಳಗೆ ಇಡುವ ಮಾತು ಸುಪ್ರೀಂ ಕೋರ್ಟ್‌ನಲ್ಲಿ ಬಂತು. ಊರು ಬೀದಿಗೆ ಬಂತು. ಆಮೇಲೆ ಅಂಥ ಯೋಜನೆ ಇಲ್ಲ ಅಂದರು. ಖಾಲಿ ಗುಂಡಿ ಕಂಡರೆ ಸಾಕು, ಅಲ್ವಾ? ಆ ವಾರ ಅಜ್ಜಿ ಜಪಮಾಲೆ ಕೆಳಗಿಡಲೇ ಇಲ್ಲ. ಮೇಷ್ಟ್ರೇ, ಅದಕ್ಕೆ ಪೆಟ್ರೋಲ್ ಬೇಕಾಗಲಿಲ್ಲ.

ದೀಪದ_ಬತ್ತಿ:
ಥ್ಯಾಂಕ್ಸ್ ಎಲ್ಲರಿಗೂ. ಬರುತ್ತೇನೆ ಎಂದು ಅಜ್ಜಿಗೆ ಹೇಳಿದೆ. ಏನು ತರಲಿ ಅಂತ ಕೇಳಿದರೆ, "ಒಳ್ಳೆ ಬೂಟು" ಅಂದರು.