ಸಹಾಯ ಬೇಕು: ಅಪ್ಪನನ್ನು ಬ್ರೋಕನ್ ಹಿಲ್‌ಗೆ ಕರ್ಕೊಂಡು ಹೋಗೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾವಿರೋದು ಸಿಡ್ನಿಯಲ್ಲಿ. ಊರಿಂದ ಅಪ್ಪ ಬಂದಿದ್ದಾರೆ, ವಯಸ್ಸು 74. ಕೆಜಿಎಫ್ ಚಿನ್ನದ ಗಣಿಯಲ್ಲಿ 2001ರಲ್ಲಿ ಬಾಗಿಲು ಹಾಕುವ ತನಕ ದುಡಿದವರು. ಗಣಿಗೆ ಇಳಿಯುವಾಗ ಕೊಡುತ್ತಿದ್ದ ಹಿತ್ತಾಳೆ ಟೋಕನ್ ಇವತ್ತಿಗೂ ಅವರ ಪರ್ಸ್‌ನಲ್ಲಿದೆ. ನಂಬರ್ ಸವೆದುಹೋಗಿದೆ, ಆದರೂ ಬಿಡಲ್ಲ! ಆಪೆರಾ ಹೌಸ್ ತೋರಿಸಿದರೆ 'ಚೆನ್ನಾಗಿದೆ' ಅಂದು ಸುಮ್ನಾದರು. ಇಲ್ಲಿನ ಹಳೇ ಗಣಿ ಊರು ಬ್ರೋಕನ್ ಹಿಲ್ ಹೆಸರು ಹೇಳಿದ ತಕ್ಷಣ ಎದ್ದು ಕೂತರು.

1883ರಲ್ಲಿ ಅಲ್ಲಿ ಅದಿರು ಸಿಕ್ಕಿದ್ದು, ಬಿಎಚ್‌ಪಿ ಅನ್ನೋ ದೊಡ್ಡ ಗಣಿ ಕಂಪನಿ ಹುಟ್ಟಿದ್ದು, ಎಲ್ಲಾ ಓದಿದ್ದೇನೆ. ಸಲ್ಫೈಡ್ ಸ್ಟ್ರೀಟ್‌ನ ಹಳೇ ರೈಲ್ವೆ ಮ್ಯೂಸಿಯಂ, ಖನಿಜಗಳ ಮ್ಯೂಸಿಯಂ ಎರಡೂ ನೋಡಬೇಕು. ಗಣಿಯಲ್ಲಿ ಸತ್ತ 800ಕ್ಕೂ ಹೆಚ್ಚು ಜನರ ಹೆಸರು ಕೆತ್ತಿರುವ ಸ್ಮಾರಕವನ್ನಂತೂ ಅಪ್ಪ ನೋಡಲೇಬೇಕಂತೆ.

ತೊಂದರೆ ಇರೋದು ದಾರಿಯಲ್ಲಿ. ರೈಲು ವಾರಕ್ಕೊಂದೇ. ಸೋಮವಾರ ಸಂಜೆ ಮುಟ್ಟಿಸಿ ಮಂಗಳವಾರ ಬೆಳಿಗ್ಗೆನೇ ವಾಪಸ್ ಹೊರಡುತ್ತೆ. ಮ್ಯೂಸಿಯಂ ನೋಡೋದು ಯಾವಾಗ? ಕಾರಲ್ಲಾದರೆ ಸುಮಾರು 1,150 ಕಿಲೋಮೀಟರ್, ಅಪ್ಪನಿಗೆ ಮಂಡಿನೋವು ಬೇರೆ. ಅಡಿಲೇಡ್‌ಗೆ ವಿಮಾನದಲ್ಲಿ ಹೋಗಿ ಅಲ್ಲಿಂದ 500 ಕಿಲೋಮೀಟರ್ ಕಾರು ಓಡಿಸೋದು ವಾಸಿ ಅಲ್ವಾ?

ಹೋಗಿಬಂದವರು ದಯವಿಟ್ಟು ಹೇಳಿ. ಮ್ಯೂಸಿಯಂಗಳಲ್ಲಿ ಮೆಟ್ಟಿಲು ಜಾಸ್ತಿನಾ? ಸ್ಮಾರಕದ ಹತ್ತಿರದವರೆಗೂ ಕಾರು ಹೋಗುತ್ತಾ? ಬ್ರೋಕನ್ ಹಿಲ್‌ನ ಸಮಯ ಸಿಡ್ನಿಗಿಂತ ಅರ್ಧ ಗಂಟೆ ಹಿಂದೆ ಅನ್ನೋದು ಗೊತ್ತು. ಅಪ್ಪ ಸಸ್ಯಾಹಾರಿ. ಅನ್ನ ಸಿಗುವ ಜಾಗ ಇದೆಯಾ, ಇಲ್ಲ ಕುಕ್ಕರ್ ಹೊತ್ಕೊಂಡೇ ಹೋಗ್ಬೇಕಾ?